ಅಮ್ಮನ ದೀಕ್ಷಾಸ್ನಾನ

ಅಂಗಿಯ ಅಂಚು ತೇಲುತ್ತಿಲ್ಲ, ಸದ್ಯ, ಒಂದು ಮೆಟ್ಟಿಲು ಇಳಿದಾಯಿತು, ಇನ್ನು ನಾಲ್ಕು, ತೊಟ್ಟಿಯ ನೀರು ಅಮ್ಮನ ಮೊಣಕಾಲಿನತ್ತ ಏರುತ್ತಿದೆ, ಬಿಳಿ ನಿಲುವಂಗಿ ಮಾತ್ರ ಹೇಳಿದ ಮಾತು ಕೇಳುವ ಮಗುವಿನ ಹಾಗೆ ಕೆಳಗೇ ನಿಂತಿದೆ — ನಿಲ್ಲದೆ ಏನು, ಅಂಚಿನ ಮಡಿಕೆಯೊಳಗೆ ಸುತ್ತಲೂ ಸೀಸದ ಗುಂಡು ಇಟ್ಟು ಹೊಲಿದವಳು ತೊಟ್ಟಿಯ ಪಕ್ಕ ನಿಂತ ಮಗಳೇ ಅಲ್ಲವೇ, ಮೀನಿನ ಬಲೆಗೆ ಕಟ್ಟುವಂಥವು, ಇಷ್ಟು ವರ್ಷ ಹೊಲಿಗೆ ಯಂತ್ರ ತುಳಿದವಳಿಗೆ ನೀರಿಗಿಳಿದ ಬಟ್ಟೆ ಏನು ಮಾಡುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ, ಗಾಳಿ ತುಂಬಿಕೊಂಡು ಛತ್ರಿಯಂತೆ ಮೇಲೇಳುತ್ತದೆ, ಹೋದ ವರ್ಷ ಬೇಕರಿಯವನ ಹೆಂಡತಿಗೆ ಹಾಗಾದಾಗ ಸಭೆಯವರೆಲ್ಲ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದ್ದರು. ಅಮ್ಮನಿಗೆ ಹಾಗಾಗುವುದಿಲ್ಲ. ಎಪ್ಪತ್ತೊಂದು ವರ್ಷದ ಅಮ್ಮ, ಅಪ್ಪ ಇರುವ ತನಕ ಈ ಸಭಾಮಂದಿರದ ಹೊಸ್ತಿಲು ತುಳಿಯದ ಅಮ್ಮ, ಪ್ರತಿ ಭಾನುವಾರ ಅಪ್ಪನನ್ನೂ ಮಗಳನ್ನೂ ಗೇಟಿನ ತನಕ ಬಿಟ್ಟು ಎದುರಿನ ಬೆಂಚಿನ ಮೇಲೆ ಪೇಪರು ಹರಡಿಕೊಳ್ಳುತ್ತಿದ್ದಳು, ನೀವು ಹೋಗ್ಬನ್ನಿ, ನನಗೆ ಆಗಿಬರಲ್ಲ ಅದು, ಒಳಗೆ ಕೊನೆಯ ಹಾಡು ಮುಗಿಯುವ ಹೊತ್ತಿಗೆ ಹೊರಗೆ ಪದಬಂಧ ಮುಗಿದಿರುತ್ತಿತ್ತು, ಅಪ್ಪ ಒಂದು ದಿನವೂ ಒತ್ತಾಯ ಮಾಡಿದವನಲ್ಲ, ಒಂದೆರಡು ಪದ ಉಳಿದಿದ್ದರೆ ತಾನೇ ತುಂಬಿಸಿಕೊಡುತ್ತಿದ್ದ. ಮಗಳಿಗಿತ್ತು ಹೆದರಿಕೆ, ಏಳು ವರ್ಷದ ಹುಡುಗಿಯ ಹೆದರಿಕೆ — ಕರ್ತನು ಬರುವ ದಿನ ಇಬ್ಬರಲ್ಲಿ ಒಬ್ಬರನ್ನು ಕರೆದೊಯ್ಯುತ್ತಾನೆ, ಇನ್ನೊಬ್ಬರು ಉಳಿಯುತ್ತಾರೆ ಎಂದು ಭಾನುವಾರದ ಪಾಠದ ಟೀಚರ್ ಹೇಳಿದ ವಾರವಿಡೀ ಅವಳು ಅಡುಗೆಮನೆಯಲ್ಲಿ ಅಮ್ಮನ ಅಂಗಿಯ ತುದಿ ಹಿಡಿದೇ ತಿರುಗಿದಳು, ತನ್ನನ್ನು ಎತ್ತಿಕೊಂಡು ಹೋದರೆ ಅಮ್ಮನೂ ಜೊತೆಗೆ ಬರಲಿ ಎಂದು, ಏನೇ ಇದು ಕಾಲಿಗೆ ಅಡ್ಡ, ಬಿಡೇ ಅತ್ಲಾಗೆ ಅಂತ ಅಮ್ಮ, ಬಿಡಲ್ಲ ಅಂತ ಇವಳು, ಕಾರಣ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

ಎರಡನೇ ಮೆಟ್ಟಿಲು, ಮೂರನೆಯದು, ಸಭಾಪಾಲಕರು ಸೊಂಟದವರೆಗಿನ ನೀರಿನಲ್ಲಿ ನಿಂತು ಕೈ ಚಾಚಿದ್ದಾರೆ, ಮೆಲ್ಲಗೆ ಅಮ್ಮಾ ಮೆಲ್ಲಗೆ, ಎಷ್ಟು ಮೃದುವಾದ ದನಿ, ಹೋದ ತಿಂಗಳು ಆಫೀಸಿನ ಕೋಣೆಯಲ್ಲಿ ಇದೇ ದನಿ ಎಷ್ಟು ಗಟ್ಟಿಯಾಗಿತ್ತು. ಯಾರಿಗೋಸ್ಕರ ಬರ್ತಿದ್ದೀರಮ್ಮ ಎಂದು ಕೇಳಿದ್ದರು, ಫಾರಂ ಮುಂದಿಟ್ಟುಕೊಂಡು, ಅಮ್ಮ ಒಂದು ಕ್ಷಣವೂ ಯೋಚಿಸದೆ, ನಮ್ಮನೆಯವರಿಗೋಸ್ಕರ. ಪಕ್ಕದಲ್ಲಿ ಕೂತಿದ್ದ ಮಗಳಿಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಅಪ್ಪ ಬಸ್ ಡ್ರೈವರು, ಮೂವತ್ತನಾಲ್ಕು ವರ್ಷ ಬೆಟ್ಟದ ದಾರಿಯಲ್ಲಿ ಓಡಿಸಿದವನು, ಆಸ್ಪತ್ರೆಯ ಮಂಚದ ಮೇಲೆ ಉಸಿರಿಗೆ ತಡಕಾಡುತ್ತಲೇ ಅಮ್ಮನ ಕೈ ಹಿಡಿದು, ಹೆದರ್ಕೋಬೇಡ ಕಣೇ, ನಾನು ಮುಂದೆ ಹೋಗಿ ಸೀಟು ಹಿಡಿದಿರ್ತೀನಿ ಅಂದ, ಸಾಕು ಸುಮ್ನಿರಿ, ಮೊದಲು ಮಾತ್ರೆ ನುಂಗಿ ಎಂದು ಅಮ್ಮ ಗದರಿದಳು, ಅವನು ನುಂಗಿದ, ಮರುದಿನ ಬೆಳಿಗ್ಗೆ ಹೋದ, ಅದಾಗಿ ಮೂರು ತಿಂಗಳಿಗೆ ಅಮ್ಮ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತು, ನನಗೊಂದು ಬಿಳಿ ಅಂಗಿ ಹೊಲಿ. ಇದನ್ನೆಲ್ಲ ಅಮ್ಮ ಇದ್ದಹಾಗೇ ಒಪ್ಪಿಸಿದಾಗ ಸಭಾಪಾಲಕರು ಕನ್ನಡಕ ತೆಗೆದರು, ಗಂಡನ ನಂಬಿಕೆಯಿಂದ ಹೆಂಡತಿಗೆ ರಕ್ಷಣೆ ಸಿಗಲ್ಲಮ್ಮ, ಟವೆಲ್ ಹಾಸಿ ಸೀಟು ಹಿಡಿಯೋಕೆ ಪರಲೋಕ ಏನು ಬಸ್ಸಾ — ಅಮ್ಮ ಬಿಡುತ್ತಾಳೆಯೇ, ಮುಂದೆ ಹೋಗಿ ಜಾಗ ಮಾಡಿಡ್ತೀನಿ ಅಂತ ನಿಮ್ಮ ಸ್ವಾಮಿನೇ ಹೇಳಿದ್ದಾರಂತಲ್ಲ, ಇವರು ಮನೇಲಿ ಜೋರಾಗಿ ಬೈಬಲ್ ಓದ್ತಿದ್ರು. ಅದು ಬೇರೆ ಅಮ್ಮ, ಅಲ್ಲಿ ಗಂಡ ಹೆಂಡತಿ ಅಂತಲೇ ಇರಲ್ಲ, ಮದುವೆ ಇರಲ್ಲ. ಅಯ್ಯೋ, ಇಲ್ಲಿ ಒಂದ್ಸಲ ಆಗಿದ್ದೇ ಸಾಕು ಬಿಡಿ, ಗುರುತು ಸಿಕ್ಕರೆ ಆಯ್ತು. ಇವಳು ನಗು ತಡೆಯಲು ತುಟಿ ಕಚ್ಚಿಕೊಂಡಳು, ಅವರು ಪೆನ್ನಿಗೆ ಕ್ಯಾಪು ಹಾಕಿ, ಇನ್ನೊಂದು ವರ್ಷ ಕಾಯೋಣ ಅಂದರು, ನಗು ಅಲ್ಲೇ ಒಣಗಿತು, ಒಂದು ವರ್ಷ — ಹೃದಯದ ಡಾಕ್ಟರು ಅಷ್ಟು ಕೊಟ್ಟಿಲ್ಲ ಅಮ್ಮನಿಗೆ. ಅಮ್ಮ ನಿಧಾನವಾಗಿ, ನಾನು ಅವರ ಬಸ್ಸಲ್ಲಿ ನಿದ್ದೆ ಮಾಡ್ತಿದ್ದೆ ಸ್ವಾಮಿ, ಆ ತಿರುವುಗಳಲ್ಲಿ ಬೇರೆಯವರೆಲ್ಲ ಕಂಬಿ ಹಿಡ್ಕೊಂಡು ಕೂತಿರೋರು, ನಾನು ಹಿಂದಿನ ಸೀಟಲ್ಲಿ ಗೊರಕೆ, ಯಾಕಂದ್ರೆ ಓಡಿಸ್ತಿರೋರು ಯಾರು ಅಂತ ಗೊತ್ತಿತ್ತು, ಆದ್ರೆ ಸಾಯೋವಾಗ ಇವರೇ ಡ್ರೈವರ್ ಸೀಟು ಬಿಟ್ಟುಕೊಟ್ಟು ನೆಮ್ಮದಿಯಾಗಿ ಕಣ್ಣು ಮುಚ್ಚಿದರಲ್ಲ, ಯಾರನ್ನ ನಂಬಿ ಕೊಟ್ಟರೋ ಅವನ ಕೈಗೆ ನನ್ನನ್ನೂ ಕೊಡ್ಕೋತೀನಿ, ಇದಕ್ಕೆ ನಂಬಿಕೆ ಅನ್ನಲ್ಲ ಅಂದ್ರೆ ಇನ್ನೇನಂತಾರೆ ನೀವೇ ಹೇಳಿ. ಸಭಾಪಾಲಕರು ಪೆನ್ನಿನ ಕ್ಯಾಪು ತೆಗೆದು ದೀಕ್ಷಾಸ್ನಾನದ ತಾರೀಕು ಬರೆದರು.

ಇನ್ನು ಮೆಟ್ಟಿಲಿಲ್ಲ, ಅಮ್ಮ ಎದೆಯ ಮೇಲೆ ಕೈ ಕಟ್ಟಿಕೊಂಡಿದ್ದಾಳೆ, ಹೀಗೇ ಕಟ್ಟಿಸಿ ಒಂದು ದಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ, ಗೊತ್ತು, ಆ ದಿನವೂ ಇದೇ ಅಂಗಿ ಹಾಕಬೇಕೆಂದು ಅಮ್ಮ ಆಗಲೇ ಅಪ್ಪಣೆ ಮಾಡಿದ್ದಾಳೆ, ಹಾಕಿದರಾಯಿತು, ಅಳುಕಿಲ್ಲ, ಹಳೆಯ ಬಟ್ಟೆಯ ಹೊಲಿಗೆ ಬಿಚ್ಚಿ ಹರವಿದಾಗ ನೋಡಿದವರು ಹಾಳಾಯಿತು ಅನ್ನುತ್ತಾರೆ, ಕತ್ತರಿ ಹಿಡಿದವನಿಗೆ ಗೊತ್ತಿರುತ್ತದೆ ಮುಂದೇನೆಂದು, ಅದೇ ಬಟ್ಟೆ, ಅದೇ ಅಮ್ಮ, ಕಡೆಯ ದಿನ ಎಬ್ಬಿಸುವವನು ಬೇರೆ ಅಮ್ಮನನ್ನು ಎಬ್ಬಿಸುವುದಿಲ್ಲ — ಕಣ್ಣು ಮುಚ್ಚಿ ಅಮ್ಮಾ, ಮೂಗು ನಾನು ಹಿಡೀತೀನಿ, ತಂದೆಯ ಮಗನ ಪವಿತ್ರಾತ್ಮನ ಹೆಸರಿನಲ್ಲಿ ಎನ್ನುತ್ತ ಸಭಾಪಾಲಕರು ಅವಳನ್ನು ಹಿಂದಕ್ಕೆ ವಾಲಿಸಿದರು, ನೀರು ಕಿವಿ ಮುಚ್ಚಿತು, ಕೆನ್ನೆ ಮುಚ್ಚಿತು, ಮುಖವೆಲ್ಲ ಒಳಗೆ ಹೋಯಿತು, ಅಮ್ಮ ಕಣ್ಣು ಮುಚ್ಚಿರಲಿಲ್ಲ. ಒಂದು ಗೇಣು ನೀರಿನಡಿಯಲ್ಲಿ ಆ ಎರಡು ಕಣ್ಣು ಪೂರ್ತಿ ತೆರೆದು ಮೇಲೆ ನೋಡುತ್ತಿದ್ದವು, ಸಭಾಪಾಲಕರನ್ನಲ್ಲ, ತೊಟ್ಟಿಯಂಚಿಗೆ ಬಾಗಿದ ಮಗಳನ್ನೂ ಅಲ್ಲ. ಮತ್ತೆ ಮೇಲೆ, ಕೆಮ್ಮು, ಸಭೆಯ ಚಪ್ಪಾಳೆ, ಹಾಡು, ಅಮ್ಮನ ಮೊದಲ ಮಾತು, ಸ್ವಲ್ಪ ಬಿಸಿನೀರು ಬೆರೆಸಬಾರದಿತ್ತಾ, ಮುಂದಿನ ಸಾಲಿನವರೆಲ್ಲ ನಕ್ಕರು, ಇವಳು ಟವೆಲು ಹೊದಿಸಿ ಬೆನ್ನು ತಿಕ್ಕಿದಳು, ಬೆರಳಿಗೆ ಎದೆಬಡಿತ ಸಿಕ್ಕಿತು, ಸರಿಯಾಗಿದೆ, ಪಕ್ಕದ ಕೋಣೆಗೆ ನಡೆಸಿದಳು, ಗುಂಡಿ ಬಿಚ್ಚುತ್ತ, ಕಣ್ಣು ಯಾಕಮ್ಮ ತೆಗೆದಿದ್ದೆ, ಉರಿಯಲಿಲ್ವಾ, ತೆಗೆದಿದ್ನಾ, ನನಗೆ ಗೊತ್ತೇ ಆಗ್ಲಿಲ್ಲ ನೋಡು, ಒಣ ಬಟ್ಟೆ ಎಲ್ಲಿ, ತೋಳು ಎತ್ತಮ್ಮ, ಎತ್ತಿದಳು, ತಲೆ ಒರೆಸಬೇಕು, ಕಾಫಿ ಕೇಳುತ್ತಾಳೆ ಈಗ, ಹೊರಗೆ ಹಾಡಿನ ಎರಡನೇ ಚರಣ — ಗೊತ್ತಾಗಲಿಲ್ಲವಂತೆ, ನೀರಿನಡಿಯಲ್ಲಿ, ರೆಪ್ಪೆ ಬಡಿಯದೆ, ದೂರದಲ್ಲಿ ಬರುತ್ತಿರುವವರನ್ನು ಗುರುತು ಹಿಡಿದವಳ ಹಾಗೆ, ತೆರೆದೇ ಇದ್ದ ಅಮ್ಮನ ಕಣ್ಣು