ಉಸುಕಿನಲ್ಲಿ ಗಿಡ್ಡ ಗೇರು

ಸೆಪ್ಟೆಂಬರಿನಲ್ಲಿ ನಿಜಾಮರ ಸರಕಾರ ಬಿದ್ದ ಮೇಲೆ ಮಣ್ಣೂರಿನ ಬಸವಂತರಾಯ ಸಾವಕಾರರು ತಡಮಾಡದೆ ಎರಡು ಕೆಲಸ ಮುಗಿಸಿದರು. ನಿಜಾಮರ ದರಬಾರಿನ ಕೆಂಪು ರೂಮಿ ಟೊಪ್ಪಿಗೆಯನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ ಬಿಳಿ ಗಾಂಧಿ ಟೊಪ್ಪಿಗೆ ಹಾಕಿಕೊಂಡರು. ಸೋಲಾಪುರದ ಹರಾಜಿನಲ್ಲಿ ಮಿಲಿಟರಿಯ ಹಳೆಯ ಜೀಪೊಂದನ್ನು ಕೊಂಡರು. ಮೊದಲನೆಯದಕ್ಕೆ ತರಬೇತಿ ಬೇಕಾಗಲಿಲ್ಲ.

ಜೀಪಿಗೆ ಬೇಕಾಯಿತು. ಎತ್ತಿಲ್ಲದೆ ಓಡುವುದರಲ್ಲಿ ದೆವ್ವವಿರುತ್ತದೆಂದು ಅವರ ಸವಾರಿ ಗಾಡಿಯ ಆಳುಗಳೆಲ್ಲ ಹಿಂದೆ ಸರಿದರು. ಉಳಿದವನು ಊರ ಹೊರಗಿನ ಕೇರಿಯಿಂದ ಬಂದು ಗೊಬ್ಬರದ ಗಾಡಿ ಹೊಡೆಯುವ ಹುಲೆಪ್ಪ. ಅವನು ಓಡಿಸುವ ವಾಹನದಲ್ಲಿ ಸಾವಕಾರರು ಕೂಡುವುದು ಹೇಗೆ? ಕಬ್ಬಿಣಕ್ಕೆ ಮೈಲಿಗೆಯಿಲ್ಲವೆಂಬ ಸತ್ಯವನ್ನು ಒಂದು ಮಧ್ಯಾಹ್ನ ಉಂಡು ಮಲಗಿ ಎದ್ದಾಗ ಅವರೇ ಕಂಡುಕೊಂಡರು.

ಡಿಸೆಂಬರಿನ ಕೊನೆಗೆ ಹೊಳೆಯಾಚೆಯಿಂದ ಹೊಸ ಸರಕಾರದ ಸಾಹೇಬರು ದೋಣಿಯಲ್ಲಿ ಬರುವವರಿದ್ದರು. ಸಾವಕಾರರು ಕರಾರು ಹೇಳಿದರು. ನೀರಿನಂಚಿನಿಂದ ಸಾಹೇಬರನ್ನು ಕೂರಿಸಿಕೊಂಡು ಹೊಳೆದಂಡೆಯ ಉಸುಕು ದಾಟಿಸಿದರೆ ಹುಲೆಪ್ಪ ಡ್ರೈವರ್. ಸಾವಕಾರರ ಕೊಟ್ಟಿಗೆಯಲ್ಲಿ ನಸುಕಿನಿಂದ ಸಗಣಿ ಬಾಚುವ ಅವನ ಹತ್ತು ವರ್ಷದ ಮಗಳು ರುಕ್ಮಿಣಿಗೆ ಬಿಡುಗಡೆ. ಜೀಪು ಉಸುಕಿನಲ್ಲಿ ಸಿಕ್ಕಿಕೊಂಡರೆ ಸೋಲಾಪುರದಿಂದ ಬೇರೆ ಡ್ರೈವರ್ ಬರುತ್ತಾನೆ, ಮಗಳು ಸಗಣಿಯಲ್ಲೇ ಇರುತ್ತಾಳೆ.

ಕಲಿಸಲು ಬಂದ ಮುರ್ತುಜಾ ಯುದ್ಧದ ಕಾಲದಲ್ಲಿ ಮರುಭೂಮಿಯಲ್ಲಿ ಲಾರಿ ಓಡಿಸಿದವನು. ಮೊದಲ ದಿನವೇ ಜೀಪಿನ ದೊಡ್ಡ ಗೇರಿನ ಕೋಲಿನ ಪಕ್ಕದ ಗಿಡ್ಡ ಗೇರಿನತ್ತ ಬೆರಳು ತೋರಿಸಿದ.

"ಇದು ಹಾಕಿದ್ರ ಮುಂದಿನ ಗಾಲಿನೂ ಎಳೀತಾವ, ಭಾಯಿ. ಉಸುಕಿನ್ಯಾಗ ಇದೇ ಮಾಲಕ."

ತೋರಿಸಿದ್ದಷ್ಟೇ ಬಂತು. ಜೀಪು ಮನೆಗೆ ಬಂದ ದಿನ ಸಾವಕಾರರ ತಾಯಿ ಗುರಮ್ಮ ಅದರೊಳಗೆ ದೇವರನ್ನು ಹುಡುಕಿ, ಕರಿಗುಂಡಿನ ಆ ಗಿಡ್ಡ ಗೇರೇ ಲಿಂಗವೆಂದು ಗುರುತಿಸಿ, ವಿಭೂತಿ ಬಳಿದು, ದಾರ ಸುತ್ತಿ, ಬಿಲ್ವಪತ್ರಿ ಏರಿಸಿದ್ದಳು. ಸ್ಟಿಯರಿಂಗು, ಬ್ರೇಕು, ದೊಡ್ಡ ಗೇರು ಕಬ್ಬಿಣ, ಹುಲೆಪ್ಪ ಹಿಡಿಯಬಹುದು. ಗಿಡ್ಡ ಗೇರು ದೇವರು, ಹಿಡಿಯುವಂತಿಲ್ಲ.

"ಮತ್ತ ಮುಂದಿನ ಗಾಲಿ ಚಂದಕ್ಕ ಇಟ್ಟಾರೇನ್ರಿ?" ಎಂದು ಮುರ್ತುಜಾ ಕೇಳಿದ.

ಎಂಟು ದಿನ ಹಿಂದಿನ ಎರಡೇ ಗಾಲಿಯ ಮೇಲೆ ಕಲಿಕೆ ನಡೆಯಿತು. ಹುಲೆಪ್ಪ ಬ್ರೇಕು ತುಳಿಯುವ ಬದಲು "ಹೋ, ಹೋ" ಎಂದ. ಜೀಪಿಗೆ ಕನ್ನಡ ಬರಲಿಲ್ಲ. ಗಾಲಿ ಹುಗಿದುಕೊಂಡಾಗಲೆಲ್ಲ ಪೆಟ್ರೋಲಿನ ಪೆಡಲನ್ನು ಜೋರಾಗಿ ತುಳಿದ.

"ತುಳೀಬ್ಯಾಡೋ! ಸಿಕ್ಕ ಎತ್ತಿಗೆ ಬಾರಕೋಲಿಲೆ ಹೊಡದಂಗ ಮಾಡಾಕತ್ತಿ. ತುಳದಷ್ಟೂ ಕುಣಿ ತೋಡ್ತದ ಅದು," ಎಂದು ಮುರ್ತುಜಾ ಬೈದ.

ಟಾಯರಿನ ಗಾಳಿ ಅರ್ಧ ಬಿಟ್ಟರೆ ಗಾಲಿ ಅಗಲವಾಗಿ ಉಸುಕಿನ ಮೇಲೆ ನಿಲ್ಲುತ್ತದೆ ಎಂದು ಮುರ್ತುಜಾ ಬಿಟ್ಟು ತೋರಿಸಿದ. ಸಾವಕಾರರು ನೋಡಿ, "ನನ್ನ ಜೀಪು ಉಪಾಸ ಬಿದ್ದಂಗ ಕಾಣ್ತದಲೇ" ಎಂದು ಮತ್ತೆ ಗಟ್ಟಿಯಾಗಿ ತುಂಬಿಸಿದರು. ದಿನವೂ ಸಂಜೆ ಎರಡು ಜೋಡಿ ಎತ್ತು ಬಂದು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಹೊಸ ಕಾಲ ಹೀಗೆ ಎತ್ತಿನ ಬಾಲ ಹಿಡಿದು ಮನೆಗೆ ಮರಳುತ್ತಿತ್ತು.

ಸಾಹೇಬರು ಬರುವ ದಿನ ಎತ್ತುಗಳು ಕಣ್ಣಿಗೆ ಬೀಳಬಾರದೆಂದು ಹುಕುಂ ಆಯಿತು. ಮುರ್ತುಜಾನನ್ನು ದಂಡೆಯ ಮೇಲೆಯೇ ನಿಲ್ಲಿಸಿದರು. ಸಾವಕಾರರು ಹೂಮಾಲೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ನೀರು ಇನ್ನೂ ಅರವತ್ತು ಹೆಜ್ಜೆ ಇರುವಾಗ ಜೀಪು ಹುಗಿಯಿತು. ದೋಣಿ ನಡುಹೊಳೆಯಲ್ಲಿತ್ತು.

"ತಗಿಯಲೇ ಹುಲ್ಯಾ!"

"ಬರೂದಿಲ್ರಿ ಧಣ್ಯಾರ. ಗಿಡ್ಡ ಗೇರು ಹಾಕಬೇಕ್ರಿ."

"ದೇವ್ರಲೇ ಅದು!"

"ಹೌದ್ರಿ. ಅದಕ್ಕೇ ನಿಮ್ಮನ್ನ ಕೇಳಾಕತ್ತೇನ್ರಿ. ನೀವೇ ಹಾಕ್ರಿ, ನಾ ಕ್ಲಚ್ ತುಳೀತೇನಿ."

ಸಾವಕಾರರು ಹಿಂದಿನಿಂದ ಬಾಗಿ, ಎರಡೂ ಕೈಯಿಂದ ಆಚೆ ನೂಕಬೇಕಾದ್ದನ್ನು ಈಚೆ ಎಳೆದರು. ಜೀಪಿನ ಹೊಟ್ಟೆಯೊಳಗೆ ಏನೋ ಕಟಕಟ ಹಲ್ಲು ಕಡಿಯಿತು. ಕೈ ಹಿಂದೆ ಬಂತು. ಅಷ್ಟರಲ್ಲಿ ದೋಣಿಯ ಟೊಪ್ಪಿಗೆಗಳನ್ನು ಎಣಿಸಬಹುದಾಗಿತ್ತು. ಸಾವಕಾರರು ಹೊಳೆಗೆ ಬೆನ್ನಾಗಿ ಮೋರೆಯನ್ನು ಅಫಜಲಪುರದ ಕಡೆ ತಿರುಗಿಸಿದರು.

"ನಾ ಆ ಕಡಿ ನೋಡ್ತೇನಿ. ನೀ ಏನರ ಮಾಡು."

ಹುಲೆಪ್ಪ ಮೊದಲು ಕೆಳಗಿಳಿದು ನಾಲ್ಕೂ ಟಾಯರಿನ ಗಾಳಿ ಬಿಟ್ಟ. ಮೇಲೆ ಬಂದು ಪತ್ರಿ ಸರಿಸಿದ. ದಾರ ಹರಿದು ಕರಿಗುಂಡನ್ನು ಅಂಗೈಯಲ್ಲಿ ಹಿಡಿದ. ಗೇರು ಬಿತ್ತು. ನಾಲ್ಕೂ ಗಾಲಿ ಉಸುಕು ಕಚ್ಚಿದವು. ಕಾಲನ್ನು ಹಗುರಾಗಿಟ್ಟು, ಎಲ್ಲೂ ನಿಲ್ಲದೆ ನೀರಿನಂಚಿಗೆ ಒಯ್ದ. ಸಾಹೇಬರು ಮಾಲೆ ಹಾಕಿಸಿಕೊಂಡು, ಉಸುಕು ದಾಟಿ, ಊರು ಮುಟ್ಟಿದಾಗ "ಶಾಬಾಸ್" ಎಂದರು, ಸಾವಕಾರರಿಗೆ.

ಸಂಜೆ ಗುರಮ್ಮ ಹರಿದ ದಾರ ಕಂಡಳು. ಹುಲೆಪ್ಪನ ಅಂಗೈಯ ವಿಭೂತಿಯನ್ನೂ ಕಂಡಳು. ದೇವರು ಮೈಲಿಗೆಯಾಗಿ ಕೆಟ್ಟಿತೆಂದು ಅಂಗಳದಲ್ಲಿ ತೀರ್ಮಾನವಾಯಿತು.

"ಹೋಗಲಿ ಬಿಡವ್ವ. ಸೋಲಾಪುರದಿಂದ ಡ್ರೈವರ್ ಕರಸ್ತೇನಿ," ಎಂದರು ಸಾವಕಾರರು.

"ಅಂವಾ ಯಾವ ಕುಲದಂವಾ?"

"ನಮ್ಮವನೇ."

"ನಮ್ಮವ ಆಗಿ ಈ ಮೈಲಿಗಿ ಗೇರು ಹೆಂಗ ಹಿಡೀತಾನ? ನಾ ಇರೂತನಕ ಆಗೂದಿಲ್ಲ."

"ಮತ್ತ ಜೀಪು?"

"ಕೆಡಿಸಿದಂವನೇ ಹೊಡೀಲಿ. ಸಾಯೂತನಕ ಹೊಡೀಲಿ!"

ಶಿಕ್ಷೆ ಕೇಳಿ ಹುಲೆಪ್ಪ ತಲೆ ತಗ್ಗಿಸಿದ. ಮುಖ ಕಾಣದಷ್ಟು ತಗ್ಗಿಸಿ, "ಮಗಳ ಮಾತೇನ್ರಿ ಧಣ್ಯಾರ?" ಎಂದ.

"ನಾಳಿಂದ ಬರೂದು ಬ್ಯಾಡಂತ ಹೇಳು," ಎಂದು ಸಾವಕಾರರು ಒಳಗೆ ಹೋದರು.

ಕೇರಿಯ ಮನೆಯಲ್ಲಿ ಹುಲೆಪ್ಪನ ಹೆಂಡತಿ ಕಸ್ತೂರಿಬಾಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ದೇವ್ರನ್ನ ಮುಟ್ಟಿದ್ರಂತ? ಏನ್ ಶಿಕ್ಷಾ ಕೊಟ್ರು?"

"ಜೀವ ಇರೂತನಕ ಡ್ರೈವರ್ಕಿ."

ಮರುದಿನ ಹೊತ್ತೇರಿದರೂ ರುಕ್ಮಿಣಿ ಮಲಗಿಯೇ ಇದ್ದಳು. ಯಾರೂ ಎಬ್ಬಿಸಲಿಲ್ಲ.