ಗೊತ್ತುಗುರಿಯಿಲ್ಲದೆ

ಅಪ್ಪನ ಸೊಂಟಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಕುರ್ಚಿಯ ಬೆನ್ನಿಗೆ ಗಂಟು ಹಾಕಿದ್ದರು. ಬೆಳಿಗ್ಗೆ ಹೊತ್ತು ನಾನು ಬಂದದ್ದು ಅದೇ ಮೊದಲು; ಕಂಡದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು.

"ಯಾರು ಕಟ್ಟಿದ್ದು ಇದನ್ನ?"

ಆರೈಕೆ ಮನೆಯ ಆ ಮಹಡಿ ನೋಡಿಕೊಳ್ಳುವ ನರ್ಸು ಮಾತ್ರೆಗಳ ತಟ್ಟೆಯಿಂದ ತಲೆ ಎತ್ತಲಿಲ್ಲ. "ರೂಲ್ಸು ಮೇಡಂ. ಅವ್ರ ಫೈಲಲ್ಲಿ ವಾಂಡರಿಂಗ್ ಅಂತಿದೆ. ಹಾಗಿದ್ದೋರನ್ನ ಬೆಳಿಗ್ಗೆ ಹೊತ್ತು ಕಟ್ಲೇಬೇಕು. ನಾವಿರೋದೇ ಇಬ್ರು."

ವಾಂಡರಿಂಗ್! ನನಗೇ ಈ ಪದ ಹೇಳಿಕೊಡಲು ಬಂದಳು. ನಾನು ನಿಘಂಟಿನ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಪದಕ್ಕೊಂದು ಕನ್ನಡ ಕಾರ್ಡು ಬರೆಯುವವಳು. ಇದೊಂದಕ್ಕೇ ಹೋದ ತಿಂಗಳು ಎಂಟು ದಿನ ತಲೆ ಕೆರೆದುಕೊಂಡಿದ್ದೆ. ಗೊತ್ತುಗುರಿಯಿಲ್ಲದೆ ಅಲೆ, ಇದು ಮೊದಲನೇ ಅರ್ಥ. ದಾರಿ ಬಿಟ್ಟು ಹೋಗು, ಎರಡನೆಯದು. ನದಿ ಬಳುಕುತ್ತ ಹರಿದರೂ ಇದೇ ಪದ, ಮಾತು ವಿಷಯ ಬಿಟ್ಟು ಎಲ್ಲೆಲ್ಲೋ ಹೋದರೂ ಇದೇ. ಒಂದೊಂದು ಅರ್ಥಕ್ಕೂ ಒಂದೊಂದು ಉದಾಹರಣೆ ಬೇಕು, ಇಲ್ಲದಿದ್ದರೆ ನಮ್ಮ ಸಂಪಾದಕರು ಕಾರ್ಡನ್ನು ಮುಖದ ಮೇಲೇ ಎಸೆಯುತ್ತಾರೆ.

"ಹಾಗಂದ್ರೇನು, ಗೊತ್ತೇನಮ್ಮ ನಿಂಗೆ?"

"ಸುಮ್ನೆ ಓಡಾಡೋದು."

"ನಮ್ಮಪ್ಪ ಸುಮ್ನೆ ಓಡಾಡ್ತಾನೆ ಅಂತ ಯಾರು ಹೇಳಿದ್ದು? ಬಿಚ್ಚು ಮೊದ್ಲು!"

"ನೀವಿರೋ ತನಕ ಮಾತ್ರ," ಎಂದು ಗೊಣಗಿಕೊಂಡು ಗಂಟು ಬಿಚ್ಚಿದಳು.

ಅಪ್ಪ ಎದ್ದ. ಅಂಗಿಯ ಜೇಬು ಮುಟ್ಟಿ ನೋಡಿಕೊಂಡು ಹೊರಗಿನ ಕಾರಿಡಾರಿಗೆ ಹೋದ. ಎಡಗಡೆಯ ಮೊದಲ ಬಾಗಿಲ ಪಕ್ಕ ಗೋಡೆಯಲ್ಲಿ ಸ್ವಿಚ್ಚಿನ ಪೆಟ್ಟಿಗೆಯಿತ್ತು. ಅದರ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, ತುಟಿ ಅಲ್ಲಾಡಿಸಿದ. ಮುಂದಿನ ಬಾಗಿಲಿಗೆ ಹೋದ, ಅಲ್ಲೂ ಅಷ್ಟೇ. ಒಂದನ್ನೂ ಬಿಡಲಿಲ್ಲ. ಕಾರಿಡಾರಿನ ಕೊನೆ ಮುಟ್ಟಿದ ಮೇಲೆ ತಿರುಗಿ ಇನ್ನೊಂದು ಸಾಲು ಹಿಡಿದ. ನಡುವೆ ಅಡ್ಡ ದಾಟಿದರೆ ಯಾವುದಾದರೊಂದು ಮನೆ ತಪ್ಪಿಹೋಗುತ್ತದೆ ಎಂದು ನಾನು ಚಿಕ್ಕವಳಿದ್ದಾಗ ಅವನು ಹೇಳುತ್ತಿದ್ದದ್ದು ನೆನಪಾಯಿತು.

"ನೋಡಿದ್ಯಾ? ಮೂವತ್ನಾಲ್ಕು ವರ್ಷ ಕರೆಂಟಿನ ಮೀಟರ್ ಓದಿದ ಮನುಷ್ಯ ಅವ್ನು. ಈಗ್ಲೂ ಡ್ಯೂಟಿ ಮಾಡ್ತಿದಾನೆ. ಕಣ್ಣಿದ್ದೋರಿಗೆ ಇದು ಕಾಣ್ಬಾರ್ದಾ? ವಾಂಡರಿಂಗ್ ಅಂತ ಬರೆದ ಆ ಮಹಾನುಭಾವ ಯಾರು? ಕರಿ ಇಲ್ಲಿಗೆ!"

ನರ್ಸು ಫೈಲಿನ ಮೊದಲ ಪುಟ ತೆಗೆದು ನನ್ನ ಕಡೆ ತಿರುಗಿಸಿದಳು. ಅಪ್ಪನನ್ನು ಸೇರಿಸಿದ ದಿನದ ಫಾರಂ. ರೂಢಿಗಳು ಎಂಬ ಖಾನೆಯಲ್ಲಿ ಇಂಗ್ಲಿಷಿನ ಅದೊಂದೇ ಪದ. ಅಕ್ಷರ ನನ್ನದು.

ಕಟ್ಟಡವೆಲ್ಲ ಕೇಳುವಂತೆ ನಾನು ಕಿರುಚಾಡಿದ್ದು ನನ್ನ ಮೇಲೇ. ಇಲ್ಲಿಗೆ ಸೇರಿಸುವ ಮುಂಚೆ ದಿನಾ ಬೆಳಿಗ್ಗೆ ಆರಕ್ಕೆ ಅಪ್ಪ ಮನೆ ಬಿಡುತ್ತಿದ್ದ, ಅಕ್ಕಪಕ್ಕದವರು ಯಾರದೋ ಬಾಗಿಲಿಂದ ಕರೆತಂದು ಬಿಡುತ್ತಿದ್ದರು. ಸೇರಿಸಿದ ವಾರ ಆ ಪದದ ಕಾರ್ಡೇ ನನ್ನ ಮೇಜಿನ ಮೇಲಿತ್ತು, ಅದೇ ಕೈಗೆ ಬಂತು. ಎಷ್ಟು ಸರಿಯಾದ ಪದ ಹಾಕಿದೆ ಎಂದು ಒಳಗೊಳಗೇ ಬೀಗಿದ್ದೆ ಕೂಡ. ಎಲ್ಲಿಗೆ ಹೋಗ್ತಿದ್ದೀಯಪ್ಪ ಎಂದು ಒಂದು ದಿನವೂ ಕೇಳಿರಲಿಲ್ಲ, ಒಂದು ದಿನವೂ ಹಿಂದೆ ಹೋಗಿ ನೋಡಿರಲಿಲ್ಲ. ಅವನಿಗೆ ಗುರಿಯಿಲ್ಲವೆಂದು ತೀರ್ಮಾನ ಮಾಡಿದವಳು ನಾನೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಪೆನ್ ಕೊಡಿ," ಎಂದೆ. ಅಷ್ಟು ಹೊತ್ತಿಗೆ ಅವಳಿಗೆ ಬಹುವಚನ ಕೊಡುವ ಬುದ್ಧಿ ಬಂದಿತ್ತು.

"ಬರೀ ಹೊಡೆದು ಹಾಕಿದ್ರೆ ಆಗಲ್ಲ ಮೇಡಂ. ಬದ್ಲಿಗೆ ಏನಾದ್ರೂ ಬರೀಬೇಕು."

ಕಾಗದ ಹರಿಯುವಷ್ಟು ಒತ್ತಿ ಆ ಪದ ಹೊಡೆದುಹಾಕಿದೆ. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗುತ್ತಾರೆ, ಜೊತೆಗೆ ಒಬ್ಬರು ನಡೆಯಬೇಕು ಎಂದು ಬರೆದು ಸಹಿ ಹಾಕಿದೆ.

"ಜೊತೆಗೆ ಯಾರು ನಡೀತಾರೆ?"

"ನಾನು. ಕಚೇರಿಗೆ ಹೋಗೋಕೆ ಮುಂಚೆ, ದಿನಾ."

ಅಪ್ಪ ಕೊನೆಯ ಬಾಗಿಲಿಂದ ನನ್ನನ್ನೇ ನೋಡುತ್ತಿದ್ದ. "ಹೊಸಬಳಾ ನೀನು? ಸುಮ್ನೆ ನಿಂತ್ರೆ ಹೇಗಮ್ಮ? ಬರ್ಕೋ. ನಾಲ್ಕು, ಸೊನ್ನೆ, ಏಳು, ಎರಡು."

ಚೀಲದಲ್ಲಿದ್ದ ಖಾಲಿ ಕಾರ್ಡು ತೆಗೆದು ಬರೆದೆ. ಅಪ್ಪ ಬಗ್ಗಿ ಒಂದೊಂದೇ ಅಂಕಿ ಪರೀಕ್ಷೆ ಮಾಡಿದ.

"ಯಾವಾಗ್ಲೂ ಹತ್ರ ಹೋಗಿ ನೋಡಿ ಬರೀಬೇಕು ಕಣಮ್ಮ," ಎಂದ. "ನಾವು ತಪ್ಪು ಬರೆದ್ರೆ ಅನುಭವಿಸೋರು ಅವ್ರು, ಪಾಪ."