ಸೀರೆ ಡಬ್ಬದ ಕಜ್ಜಾಯ

"ಇದ್ಯಾನಮ್ಮಿ, ಸೀರೆ ಡಬ್ಬುಕ್ಕೆ ಕಜ್ಜಾಯ ತುಂಬ್ತಾ ಇದ್ದೀಯೆ!"

ಬಾಗಿಲಾಚೆ ನಿಂತಿದ್ದ ರಾಚಮ್ಮನ ಕೈಯಲ್ಲಿ ಲೂರ್ದಮ್ಮನದೇ ಸ್ಟೀಲ್ ಬಟ್ಟಲಿತ್ತು. ಮೊನ್ನೆ ಬಸ್ಸಾರು ಹಾಕಿ ಕೊಟ್ಟಿದ್ದ ಬಟ್ಟಲು. ತೊಳೆದು ಹಿಂದಕ್ಕೆ ತಂದಿದ್ದಳು. ತಳದಲ್ಲಿ ಎರಡು ತುಂಡು ನುಗ್ಗೆಕಾಯಿ. ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವುದು ಆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ.

"ಬನ್ನಿ ರಾಚಮ್ಮಾರೆ, ಕೂತ್ಕಳಿ. ಹಬ್ಬುಕ್ಕೆ ಕಣ್ರೀ. ಅಣ್ಣನ ಮನೆಗೊಂದು, ತಂಗಿ ಮನೆಗೊಂದು. ಈ ವರ್ಸದಿಂದ ಇಂಗೇ ಕಳ್ಸದು ಅಂತ ಮಾಡಿವ್ನಿ. ಫೋನಲ್ಲಿ ನೋಡ್ದೆ. ಎಲ್ಲೋ ಒಂದು ಮನೇಲಿ ಅಕ್ಕತಂಗೀರು, ಅಣ್ತಮ್ಮಂದೀರು ವರ್ಸ ವರ್ಸ ಡಬ್ಬ ಕಟ್ಟಿ ಒಬ್ಬರಿಗೊಬ್ಬರು ಕಳ್ಸ್ಕಂತಾರೆ. ಎಷ್ಟು ಚೆಂದಾಗಿ ಕಟ್ತಾರೆ ಅಂತೀರಿ!"

"ಅದ್ಸರಿ. ಈ ರಟ್ಟಿನ ಡಬ್ಬವ ಯಾರು ವಾಪಸ್ ಕೊಟ್ಟಾರು? ಸ್ಟೀಲಿಂದಾದ್ರೆ ಕೊಡಕಾದ್ರೂ ಬಂದಾರು."

ಲೂರ್ದಮ್ಮ ನಕ್ಕಳು. ಆದರೆ ಆ ಮಾತು ಅವಳಿಗೆ ಎಲ್ಲೋ ಒಂದು ಕಡೆ ತಾಕಿತು. ಅವಳಿಗೆ ಬೇಕಿದ್ದದ್ದೂ ಅದೇ. ಯಾರಾದರೂ ಬರಬೇಕು. ಬರದಿದ್ದರೆ 'ನೀನೇ ಬಾ' ಎಂದಾದರೂ ಅನ್ನಬೇಕು.

ಅವ್ವ ಇದ್ದಷ್ಟು ದಿನ ಇದೆಲ್ಲ ಯೋಚನೆ ಮಾಡುವ ವಿಷಯವೇ ಆಗಿರಲಿಲ್ಲ. ಕ್ರಿಸ್‌ಮಸ್ ಎಂದರೆ ಕಾಮಗೆರೆ. ಬಂಡಳ್ಳಿಯಿಂದ ಅಣ್ಣ ಜೋಜಪ್ಪ, ಅತ್ತಿಗೆ ಸಹಾಯಮೇರಿ, ಅವರ ಮಕ್ಕಳು, ಯಳಂದೂರಿನಿಂದ ತಂಗಿ ನಿರ್ಮಲ, ಕೊಳ್ಳೇಗಾಲದಿಂದ ಲೂರ್ದಮ್ಮ. ಅವ್ವ ಬಾಣಲೆ ಮುಂದೆ ಕೂತು ಎಲ್ಲರನ್ನೂ ಬೈಯುತ್ತಲೇ ಕಜ್ಜಾಯ ಬೇಯಿಸುವಳು. ಹೋದ ವರ್ಷ ಅವ್ವ ತೀರಿಕೊಂಡಳು. ಸಾವಿನ ಮನೆ ಎಂದು ಆ ಸಲ ಯಾರೂ ಎಣ್ಣೆ ಇಡಲಿಲ್ಲ. ಆಮೇಲೆ ಅಣ್ಣ ಕಾಮಗೆರೆಯ ಮನೆಯನ್ನು ಬಾಡಿಗೆಗೆ ಕೊಟ್ಟ. ಈ ವರ್ಷ ಡಿಸೆಂಬರ್ ಅರ್ಧ ಕಳೆದರೂ 'ಹಬ್ಬಕ್ಕೆ ಎಲ್ಲಿ ಸೇರೋದು' ಎಂದು ಯಾರೂ ಕೇಳಲಿಲ್ಲ. ಮದುವೆ ಎನ್ನುವುದು ಲೂರ್ದಮ್ಮನಿಗೆ ಕೂಡಿಬಂದಿರಲಿಲ್ಲ. ಹಾಗಾಗಿ ಉಳಿದವರಿಗೆಲ್ಲ ಹಬ್ಬ ಮಾಡಲು ಅವರವರ ಮನೆ ಇತ್ತು, ಇವಳಿಗೆ ರಾಚಮ್ಮನ ಮನೆಯ ಹಿತ್ತಲ ಕಡೆಯ ಒಂದು ಬಾಡಿಗೆ ಕೋಣೆ ಇತ್ತು.

ಅವಳ ಕೆಲಸ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು. ಅಂಗಡಿಯಿಂದ ಸೀರೆ ತಂದು, ಕಿಟಕಿ ಪಕ್ಕ ಕೂತು ಕಟ್ಟಿ, ಮಡಿಸಿ ಹಿಂದಕ್ಕೆ ಕೊಡುವಳು. ಡಬ್ಬ ಕೊಟ್ಟವರು ಅದೇ ಅಂಗಡಿಯ ಗುರುಸಿದ್ದಯ್ಯ. "ಮೂಲೆ ನಜ್ಜಾಗವೆ, ಗಿರಾಕಿಗೆ ಕೊಡಕಾಗಲ್ಲ, ತಕಂಡೋಗವ್ವ" ಎಂದು ಎರಡನ್ನು ಎತ್ತಿ ಕೊಟ್ಟಿದ್ದರು. ಕೆಂಪು ಡಬ್ಬ, ಮೇಲೆ ಚಿನ್ನದ ಬಣ್ಣದ ನವಿಲು. ಬಣ್ಣದ ಕಾಗದ ಸುತ್ತೋಣವೆಂದು ತಂದಿದ್ದವಳು, ನವಿಲು ನೋಡಿ ಮನಸ್ಸು ಬಾರದೆ ಹಾಗೇ ಬಿಟ್ಟಳು. ಒಳಗೆ ಬಾಳೆಎಲೆ ಹಾಸಿ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ ಜೋಡಿಸಿದಳು. ಕಟ್ಟುವುದಕ್ಕೆ ಕುಚ್ಚಿನ ರೇಷ್ಮೆ ದಾರವನ್ನೇ ಹೊಸೆದು, ಗಂಟಿನ ತುದಿಗೆ ಪುಟ್ಟದೊಂದು ಕುಚ್ಚು ಬಿಟ್ಟಳು.

ಬಸ್ ಸ್ಟ್ಯಾಂಡಿನಲ್ಲಿ ಬಂಡಳ್ಳಿ ಬಸ್ಸಿನ ಕಂಡಕ್ಟರ್ ಮುರುಗೇಶ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಕ್ಕಾ, ಬಾರೀ ಐಟಂ ಕಳ್ಸ್ತಿದ್ದೀರ! ಸೀಟಿನ್ ಮೇಲೇ ಕೂರಿಸ್ಕಂಡ್ ಓಯ್ತೀನಿ, ಟಿಕೆಟ್ಟು ಬ್ಯಾಡ." ಯಳಂದೂರಿನ ಡಬ್ಬ ಇನ್ನೊಂದು ಬಸ್ಸಿಗೆ ಹತ್ತಿತು.

ಆ ದಿನ ಅವಳಿಗೆ ಕುಚ್ಚು ಕಟ್ಟುವುದರಲ್ಲಿ ಗಮನವಿರಲಿಲ್ಲ. ಫೋನನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಮಧ್ಯಾಹ್ನ ನಿರ್ಮಲಳಿಂದ ಕೈಮುಗಿದ ಒಂದು ಚಿತ್ರ, ಒಂದು ಕೆಂಪು ಹೃದಯ ಬಂತು. ಅಷ್ಟೇ. ಸಂಜೆ ದೀಪ ಹಾಕುವ ಹೊತ್ತಿಗೆ ಬಂಡಳ್ಳಿಯ ಫೋನು ಬಂತು.

"ಲೂರ್ದಮ್ಮ, ಡಬ್ಬ ಬತ್ತು ಕನ."

"ಬತ್ತಾ ಅತ್ತಿಗೆ? ಐಕ್ಳು ತಿಂದ್ವಾ? ಕಜ್ಜಾಯ ಒಸಿ ಎಣ್ಣೆ ಕುಡ್ದಿದ್ವೇನೋ..."

"ಬರೀ ಐಕ್ಳಾ? ಬೀದಿಯೋರೆಲ್ಲ ತಿಂದ್ರು. ಎಲ್ರನೂವೆ ಕರ್ದಿದ್ನಲ್ಲ ನಾನು."

"ಒಳ್ಳೇದಾಯ್ತು ಬುಡಿ."

"ಯಾನ ಒಳ್ಳೇದು? ಮುರುಗೇಶ ಬಸ್ಸಿಂದ ಇಳಿಸ್ದಾಗ್ಲೇ ಪಕ್ಕದ್ಮನೆ ಶಂಕರಮ್ಮ ನೋಡುದ್ಲು. 'ಏನಕ್ಕೋ, ರೇಷ್ಮೆ ಸೀರೆ ಬಂದದೆ' ಅಂದ್ಲು. ನಾನೂ ಪೆದ್ದಿ. 'ಊ ಕಣಮ್ಮಿ, ನಮ್ಮತ್ತೆ ಓದ್ಮೇಲೆ ಮೊದಲ್ನೇ ಹಬ್ಬ, ನಾದಿನಿ ಕಳ್ಸವ್ಳೆ, ಬನ್ರವ್ವ ನೋಡೀರಂತೆ' ಅಂದೆ. ಜಗ್ಲಿ ತುಂಬ ಎಂಗುಸ್ರು. ನಾನು ಕೈ ತೊಳ್ಕಂಡು, ಸೆರಗಲ್ಲಿ ಒರೆಸ್ಕಂಡು ಬಂದು ಡಬ್ಬ ಬಿಚ್ಚುದೆ."

ಸಹಾಯಮೇರಿ ಉಸಿರೆಳೆದುಕೊಂಡಳು.

"ಕಜ್ಜಾಯ! ಆ ಶಂಕರಮ್ಮ ಒಂದ ಕೈಗೆ ತಕಂಡು ಮುರುದು, 'ಸೆರಗು ಬಾರೀ ಗರಿಗರಿಯಾಗದೆ ಕಣಕ್ಕ' ಅಂದ್ಲು. ಬಿದ್ದೂ ಬಿದ್ದೂ ನಕ್ಕುದ್ರು."

"ಅಯ್ಯೋ ಅತ್ತಿಗೆ, ನಂಗೆ ಅದು ಒಳೀನೇ ಇಲ್ಲ..."

"ಎಂಗೆ ಒಳೀನಿಲ್ಲ? ಊರೋರ್ ಸೀರೆಗೆಲ್ಲ ಕುಚ್ಚು ಕಟ್ತೀಯ. ಆ ಡಬ್ಬ ಕಂಡ್ರೆ ಒಂದು ಎಂಗ್ಸು ಯಾನ ಅನ್ಕತಾಳೆ ಅಂತ ನಿಂಗ್ ಗೊತ್ತಿಲ್ವಾ? ಅತ್ತೆ ಇದ್ದಾಗ ಪ್ರತಿ ಹಬ್ಬುಕ್ಕೂ ನಂಗೊಂದು ಸೀರೆ ತಂದು ಮಡ್ಲಿಗೆ ಹಾಕೋರು. ನೂಲಿಂದೋ ಪಾಲಿಸ್ಟರೋ, ಎಂತದೋ ಒಂದು. ನಾನೇನು ನಿನ್ನ ಕೇಳಿದ್ನಾ? ಕೇಳ್ನಿಲ್ಲ. ಕೇಳ್ದೇ ಇದ್ದೋಳಿಗೆ ಆಸೆ ಹುಟ್ಟಿಸ್ದಲ್ಲ ನೀನು."

"ಅಣ್ಣ ಅವ್ನಾ ಅತ್ತಿಗೆ? ಒಸಿ ಕೊಡಿ."

"ಇಲ್ಲೇ ಅವ್ರೆ. ಟಿವಿ ನೋಡ್ತಾವ್ರೆ." ಫೋನು ಕೈ ಬದಲಾಗಲಿಲ್ಲ. ಅಣ್ಣ ಕೆಮ್ಮಿದ ಸದ್ದು ಮಾತ್ರ ಕೇಳಿಸಿತು. ಮತ್ತೆ ಅತ್ತಿಗೆಯದೇ ದನಿ. "ನಿನ್ನ ಡಬ್ಬ ನಂಗ್ ಬ್ಯಾಡ. ಐಕ್ಳು ತಿಂದ್ಬುಟ್ವು, ಇಲ್ದಿದ್ರೆ ಅದ್ನೂ ಸೇರ್ಸೇ ಕಳ್ಸ್ತಿದ್ದೆ. ಬಸ್ಸಿಗೆ ಮಡಗಿಸ್ತೀನಿ, ನೀನೇ ಇಟ್ಕ."

ಲೂರ್ದಮ್ಮ ಫೋನು ಕೆಳಗಿಟ್ಟು, ತೊಡೆಯ ಮೇಲೆ ಬಿದ್ದಿದ್ದ ಯಾರದೋ ಮದುವೆ ಸೀರೆಯ ಸೆರಗನ್ನು ಸವರಿದಳು. ಅತ್ತಿಗೆ ಹೇಳಿದ್ದರಲ್ಲಿ ಸುಳ್ಳೇನಿತ್ತು? ಅವ್ವ ಬೆನ್ನು ಬಗ್ಗಿಸಿಕೊಂಡು ಕೊಳ್ಳೇಗಾಲಕ್ಕೆ ಬಂದು, ಅಂಗಡಿ ಅಂಗಡಿ ಸುತ್ತಿ ಸೊಸೆಗೆ ಸೀರೆ ಆರಿಸುವಾಗ ಜೊತೆಗೆ ಚೀಲ ಹಿಡಿದುಕೊಂಡು ನಿಲ್ಲುತ್ತಿದ್ದವಳು ತಾನೇ. ಕಜ್ಜಾಯದ ಪಾಕ ನೆನಪಿನಲ್ಲಿ ಉಳಿಯಿತು, ಸೀರೆ ಮರೆತೇಹೋಯಿತು. ಡಬ್ಬ ಚೆಂದವಿದೆ ಎಂದು ಕಳಿಸಿದಳು. ಅದರೊಳಗೆ ಇರಬೇಕಾದದ್ದು ಏನು ಎನ್ನುವುದು ಬಂಡಳ್ಳಿಯ ಜಗಲಿಗೆಲ್ಲ ಗೊತ್ತಿತ್ತು, ಇವಳೊಬ್ಬಳನ್ನು ಬಿಟ್ಟು.

ಹಬ್ಬದ ಹಿಂದಿನ ದಿನ ಮುರುಗೇಶನ ಫೋನು. "ಅಕ್ಕಾ, ನಿಮ್ ಐಟಂ ರಿಟರ್ನ್ ಬಂದದೆ."

ಬಸ್ ಸ್ಟ್ಯಾಂಡಿನ ತುಂಬ ಊರಿಗೆ ಹೋಗುವವರು. ಕೈಯಲ್ಲಿ ಬ್ಯಾಗು, ಕೇಕಿನ ಡಬ್ಬ, ಕಂಕುಳಲ್ಲಿ ಮಕ್ಕಳು. ಮುರುಗೇಶ ಕಿಟಕಿಯಿಂದಲೇ ಡಬ್ಬ ಕೊಟ್ಟ. "ಸೈಜು ಸರಿಯಾಗ್ನಿಲ್ವಾ ಅಕ್ಕ?" ಎಂದು ನಗಲು ಹೋದವನು, ಅವಳ ಮುಖ ನೋಡಿ ಸೀಟಿ ಬಾಯಿಗಿಟ್ಟುಕೊಂಡ. ಅದೇ ನಜ್ಜಿದ ಮೂಲೆ, ಅದೇ ನವಿಲು. ರೇಷ್ಮೆ ದಾರ ಹೋಗಿ ಗೋಣಿಚೀಲದ ಹುರಿ ಬಂದಿತ್ತು. ಅವಳು ಅದನ್ನು ಅಲ್ಲಾಡಿಸಿ ನೋಡಲಿಲ್ಲ. ಯಾರಿಗೂ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಮನೆಗೆ ಬಂದು, ಮೂಲೆಯಲ್ಲಿ ಕಟ್ಟಿದ್ದ ಪುಟ್ಟ ಗೋದಲಿಯ ಪಕ್ಕ, ಬಾಲಯೇಸುವಿಗೆ ಹಾಸಿದ ಹುಲ್ಲಿನ ಹತ್ತಿರ ಇಟ್ಟಳು. ಇಟ್ಟವಳು ಅದರ ಕಡೆ ಬೆನ್ನು ಮಾಡಿ ಮಲಗಿದಳು.

ಬೆಳಿಗ್ಗೆ ಚರ್ಚಿನ ಪೂಜೆಗೆ ಹೋದಳು. ಪೂಜೆ ಮುಗಿದು ಅಂಗಳದಲ್ಲಿ ಎಲ್ಲರೂ ಎಲ್ಲರ ಕೈ ಕುಲುಕಿದರು, ಇವಳ ಕೈಯನ್ನೂ ಕುಲುಕಿದರು. ಆಮೇಲೆ ಒಂದೊಂದೇ ಮನೆಯವರು ಗುಂಪಾಗಿ ಗೇಟು ದಾಟಿದರು.

ಹಿಂದಿರುಗಿ ರಾಚಮ್ಮನ ಮನೆಗೆ ಒಂದು ತಟ್ಟೆ ಕಜ್ಜಾಯ ಕೊಟ್ಟು, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಳು. ಹುರಿಯ ಗಂಟು ಬಿಗಿಯಾಗಿತ್ತು. ಬೆರಳಿಗೆ ಬಾರದೆ ಹಲ್ಲಿನಲ್ಲಿ ಕಚ್ಚಿ ಬಿಡಿಸಿದಳು.

ಮುಚ್ಚಳ ತೆಗೆಯುತ್ತಲೇ ಸೊಗಡು ಮೂಗಿಗೆ ಬಡಿಯಿತು. ಡಬ್ಬದ ತಳದಲ್ಲಿ ಒಂದು ಹಿಡಿ ಅವರೆಕಾಯಿ. ಒಂದೇ ಹಿಡಿ. ಆರಿಸಿ ಹಾಕಿದ್ದೂ ಅಲ್ಲ. ಹುಳ ಕೊರೆದದ್ದೂ ಇತ್ತು, ಒಂದಕ್ಕೆ ಬಳ್ಳಿಯ ತುಂಡೂ ಅಂಟಿಕೊಂಡಿತ್ತು. ಅತ್ತಿಗೆ ಸಿಟ್ಟಿನಲ್ಲಿ ಬರೀ ಡಬ್ಬ ಮುಚ್ಚಲು ಹೋಗಿ, ಕೊನೆ ಗಳಿಗೆಯಲ್ಲಿ ಹಿತ್ತಿಲಿಗೆ ಓಡಿ ಕೈಗೆ ಸಿಕ್ಕಿದ್ದನ್ನು ಕಿತ್ತು ತಂದು ಹಾಕಿದ ಹಾಗಿತ್ತು.

ಲೂರ್ದಮ್ಮ ಕಿಟಕಿ ಪಕ್ಕ ಕೂತು ಸುಲಿದಳು. ಸುಲಿದ ಕಾಳು ರಾಚಮ್ಮ ಹಿಂದಕ್ಕೆ ತಂದಿದ್ದ ಬಟ್ಟಲಿನ ತಳವನ್ನೂ ಮುಚ್ಚಲಿಲ್ಲ. ಒಬ್ಬಳ ಸಾರಿಗೆ ಸಾಕು. ಸಿಪ್ಪೆಯನ್ನು ಹಿತ್ತಲ ಹಸುವಿನ ಮುಂದೆ ಸುರಿದು ಬಂದು, ಡಬ್ಬವನ್ನು ಒಳಗೂ ಹೊರಗೂ ಒರೆಸಿದಳು. ನಜ್ಜಿದ ಮೂಲೆಯನ್ನು ಒಳಗಿನಿಂದ ಹೆಬ್ಬೆರಳಲ್ಲಿ ಒತ್ತಿ ನೆಟ್ಟಗೆ ಮಾಡಿದಳು. ಮುಚ್ಚಳ ಹಾಕಲು ಹೋದವಳು ತಡೆದು, ಗೂಡಿಗೆ ಕೈ ಹಾಕಿ ಒಂದು ಅಚ್ಚು ಬೆಲ್ಲ ತೆಗೆದು ಒಳಗಿಟ್ಟಳು.

ಅಷ್ಟು ದೊಡ್ಡ ಡಬ್ಬದಲ್ಲಿ ಅದು ಒಂದು ಮೂಲೆಗೆ ಕೂತಿತ್ತು. ಕೈಯಲ್ಲಿನ್ನೂ ಅವರೆಯ ಸೊಗಡು ಇತ್ತು. ಆ ಕೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಅವಳು ತುಂಬ ಹೊತ್ತು ಹಾಗೇ ಕೂತಳು. ಹೊರಗೆ ಬಂಡಳ್ಳಿಗೆ ಹೋಗುವ ಹನೂರು ರಸ್ತೆಯ ಕಡೆ ಬಸ್ಸೊಂದು ಹಾರನ್ ಹೊಡೆಯುತ್ತಾ ಹೋಯಿತು.